ಕೊರಿಯಾದ ಶಾಲೆಗಳಲ್ಲಿ ಪರದೇಶದ ಇಂಗ್ಲಿಷ್ ಮಾಸ್ತರರು

ಕೊರಿಯಾ ದೇಶ ಬಹಳ ಕಾಲ ಬಾಗಿಲು ಹಾಕಿಕೊಂಡೇ ಇತ್ತು. ಚೀನಾದ ಜೊತೆ ಹೋಗಿಬರುವುದಿತ್ತು, ಜಪಾನಿನ ಜೊತೆ ಅಷ್ಟಿಷ್ಟು ವ್ಯಾಪಾರವಿತ್ತು, ಅಷ್ಟೇ. 1876ರಲ್ಲಿ ಜಪಾನ್ ಯುದ್ಧದ ಹಡಗು ತೋರಿಸಿ ಬಾಗಿಲು ತೆರೆಸಿತು. 1882ರಲ್ಲಿ ಅಮೆರಿಕದ ಜೊತೆ ಒಪ್ಪಂದವಾಯಿತು. ಇಂಗ್ಲಿಷ್ ಬಲ್ಲ ಸ್ವಂತ ಜನ ಇರಲಿಲ್ಲವಾದ್ದರಿಂದ ಆ ಮಾತುಕತೆಯೂ ಚೀನೀಯರ ಮೂಲಕವೇ ನಡೆಯಿತು. ಬೇರೆಯವರ ಬಾಯಿಂದ ನಮ್ಮ ವ್ಯವಹಾರ ಎಷ್ಟು ದಿನ ನಡೆದೀತು? ಮರುವರ್ಷವೇ, 1883ರಲ್ಲಿ, ರಾಜಧಾನಿ ಸಿಯೋಲ್‌ನಲ್ಲಿ ದುಭಾಷಿಗಳನ್ನು ತಯಾರು ಮಾಡುವ ಒಂದು ಸಣ್ಣ ಶಾಲೆ ಶುರುವಾಯಿತು. ಅಲ್ಲಿ ಪಾಠ ಹೇಳಿದವರಲ್ಲಿ ಹ್ಯಾಲಿಫ್ಯಾಕ್ಸ್ ಎಂಬ ಇಂಗ್ಲಿಷ್ ಮನುಷ್ಯನೊಬ್ಬನಿದ್ದ. ಕೊರಿಯಾದ ನೆಲದಲ್ಲಿ ಇಂಗ್ಲಿಷ್ ಕಲಿಸಲು ಸಂಬಳಕ್ಕೆ ನಿಂತ ಪರದೇಶಿಗಳ ಸಾಲು ಅಲ್ಲಿಂದ ಹಿಡಿದು ಇವತ್ತಿನವರೆಗೂ ಬಂದಿದೆ.

ಆದರೆ ಆ ಸಾಲಿನಲ್ಲಿ ನಾವು ನಿಂತು ನೋಡಬೇಕಾದವನು 1886ರಲ್ಲಿ ಬಂದ. ಆ ವರ್ಷ ಗೊಜೊಂಗ್ ದೊರೆ ಅಮೆರಿಕದಿಂದ ಮೂವರು ತರುಣರನ್ನು ಕರೆಸಿಕೊಂಡು ಒಂದು ರಾಜಶಾಲೆ ತೆರೆದ. ಜಾರ್ಜ್ ಗಿಲ್ಮೋರ್, ಡೆಲ್ಜೆಲ್ ಬಂಕರ್, ಹೋಮರ್ ಹಲ್ಬರ್ಟ್ ಎಂದು ಆ ಮೂವರ ಹೆಸರು. ಹಲ್ಬರ್ಟನಿಗೆ ಆಗ 23 ವರ್ಷ, ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿದವನು. ವಿದ್ಯಾರ್ಥಿಗಳೋ, ಯಾಂಗ್‌ಬಾನ್ ಎಂಬ ಮೇಲ್ವರ್ಗದ ಮನೆಯ ಮಕ್ಕಳು. ಕೆಲವರು ಆಗಲೇ ಸರಕಾರಿ ಹುದ್ದೆಯಲ್ಲಿದ್ದವರು. ಅಂಥವರಿಗೆ ಎ ಬಿ ಸಿ ಡಿಯಿಂದ ಶುರು ಮಾಡಬೇಕು. ಮೊದಮೊದಲು ಉತ್ಸಾಹವಿತ್ತು. ಕ್ರಮೇಣ ಇವತ್ತು ಅಜ್ಜನ ತಿಥಿ, ನಾಳೆ ಕಚೇರಿ ಕೆಲಸ ಎಂದು ಬೆಂಚು ಖಾಲಿಯಾಗುತ್ತ ಬಂತು. ಇಂಗ್ಲಿಷ್ ಬಾರದಿದ್ದರೂ ಹುದ್ದೆಗೇನೂ ಚ್ಯುತಿಯಿಲ್ಲ ಎಂದಾದರೆ ಯಾರು ತಾನೇ ಕಷ್ಟಪಟ್ಟಾರು? 1894ರಲ್ಲಿ ಆ ಶಾಲೆ ಮುಚ್ಚಿತು. ಶಾಲೆಯ ಮಟ್ಟಿಗೆ ಇದು ಸೋಲೇ.

ಹಲ್ಬರ್ಟ್ ಮಾತ್ರ ಸೋಲಲಿಲ್ಲ. ಕಲಿಸಲು ಬಂದವನು ಕಲಿಯಲು ಕೂತ. ಕೊರಿಯಾದ ಲಿಪಿ ಹಂಗೂಲ್ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಸೇಜೊಂಗ್ ಎಂಬ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಲಿಪಿ ಅದು. ಆಗ 28 ಅಕ್ಷರ, ಈಗ ಬಳಕೆಯಲ್ಲಿ 24. ನಾಲಿಗೆ, ಗಂಟಲು, ತುಟಿ ಹೇಗೆ ನಿಲ್ಲುತ್ತದೋ ಅದನ್ನು ನೋಡಿ ವ್ಯಂಜನಗಳ ಆಕಾರ ಮಾಡಿದ್ದು. ಇಷ್ಟು ಚಂದದ ಲಿಪಿ ಕೈಯಲ್ಲಿದ್ದೂ ಪಂಡಿತರು ಅದನ್ನು ಹೆಂಗಸರ, ಬಡವರ ಬರಹ ಎಂದು ತಾತ್ಸಾರ ಮಾಡಿ ಚೀನೀ ಅಕ್ಷರಗಳನ್ನೇ ಬರೆಯುತ್ತಿದ್ದರು. ಹಲ್ಬರ್ಟ್ ಬಂದ ಕೆಲವೇ ವರ್ಷಗಳಲ್ಲಿ ‘ಸಾಮಿನ್ ಪಿಲ್ಜಿ’ ಎಂಬ ಭೂಗೋಳದ ಪಠ್ಯಪುಸ್ತಕವನ್ನು ಪೂರ್ತಿ ಹಂಗೂಲಿನಲ್ಲೇ ಬರೆದ. ಪಂಡಿತನಿಗೂ ಸಾಮಾನ್ಯನಿಗೂ ತಿಳಿದಿರಬೇಕಾದದ್ದು ಎಂದು ಆ ಹೆಸರಿನ ಅರ್ಥ. ಇಷ್ಟು ಸುಲಭದ ಸ್ವಂತ ಲಿಪಿಯನ್ನು ನೀವೇ ಕಡೆಗಣಿಸಿದಿರಲ್ಲ ಎಂಬ ಕೊರಗನ್ನು ಮುನ್ನುಡಿಯಲ್ಲಿ ತೋಡಿಕೊಂಡ. ಇಂಗ್ಲಿಷ್ ಕಲಿಸಲು ಕರೆಸಿದ ಮನುಷ್ಯ ಊರವರಿಗೆ ಊರ ಭಾಷೆಯ ಬೆಲೆ ಹೇಳಿದ್ದು! ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಮಂಗಳೂರಿನಿಂದ ಕಿಟೆಲರ ನಿಘಂಟು ಬಂದದ್ದು ಅದೇ ಕಾಲದಲ್ಲಿ, 1894ರಲ್ಲಿ. ಅರಿರಾಂಗ್ ಎಂಬ ಕೊರಿಯಾದ ಜನಪದ ಹಾಡಿನ ಧಾಟಿಯನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದು 1896ರಲ್ಲಿ ಅಚ್ಚು ಹಾಕಿಸಿದವನೂ ಹಲ್ಬರ್ಟನೇ. ಮುಂದೆ ಜಪಾನ್ ಕೊರಿಯಾವನ್ನು ನುಂಗಲು ಹೊರಟಾಗ ದೊರೆಯ ಪರವಾಗಿ ಅಮೆರಿಕಕ್ಕೂ ಯುರೋಪಿಗೂ ಓಡಾಡಿದ. ಫಲ ಸಿಗಲಿಲ್ಲ. 1949ರಲ್ಲಿ, 86ನೇ ವಯಸ್ಸಿನಲ್ಲಿ, ಸ್ವತಂತ್ರ ಕೊರಿಯಾದ ಆಮಂತ್ರಣದ ಮೇಲೆ ಮರಳಿ ಬಂದು ಒಂದು ವಾರದಲ್ಲೇ ಸಿಯೋಲ್‌ನಲ್ಲಿ ತೀರಿಕೊಂಡ. ಹಾನ್ ನದಿಯ ದಂಡೆಯ ಯಾಂಗ್‌ಹ್ವಾಜಿನ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ.

ನಡುವಿನ ಜಪಾನಿ ಆಳ್ವಿಕೆ 1910ರಿಂದ 1945ರವರೆಗೆ. ಶಾಲೆಯಲ್ಲಿ ‘ರಾಷ್ಟ್ರಭಾಷೆ’ ಎಂದರೆ ಜಪಾನಿ ಎಂದಾಯಿತು. ಕೊನೆಕೊನೆಗೆ ಹೆಸರನ್ನೇ ಜಪಾನಿಗೆ ಬದಲಿಸಿಕೊಳ್ಳಿ ಎಂಬ ಒತ್ತಾಯ. 1942ರಲ್ಲಿ ಕೊರಿಯನ್ ನಿಘಂಟು ಮಾಡುತ್ತಿದ್ದ ಭಾಷಾ ಸಂಘದವರನ್ನೇ ಹಿಡಿದು ಜೈಲಿಗೆ ಹಾಕಿದರು. ಇಬ್ಬರು ಅಲ್ಲೇ ಸತ್ತರು. ಪೊಲೀಸರು ಕೊಂಡುಹೋದ ಹಸ್ತಪ್ರತಿ 1945ರ ಸೆಪ್ಟೆಂಬರಿನಲ್ಲಿ ಸಿಯೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. ಪರದೇಶದ ಇಂಗ್ಲಿಷ್ ಮಾಸ್ತರರ ಕತೆಯಲ್ಲಿ ಇದೇಕೆ ಎಂದು ಕೇಳಬಹುದು. ಕೊರಿಯಾದವರು ಮುಂದೆ ಇಂಗ್ಲಿಷಿಗೆ ಎಷ್ಟೇ ಹುಚ್ಚಾದರೂ ಶಾಲೆಯ ಮಾಧ್ಯಮವನ್ನು ಅದಕ್ಕೆ ಒಪ್ಪಿಸಲಿಲ್ಲ. ಈ ಗಾಯದ ನೆನಪಿಲ್ಲದೆ ಆ ಹಟ ಅರ್ಥವಾಗುವುದಿಲ್ಲ.

ಯುದ್ಧ ಮುಗಿದು ದೇಶ ಎರಡಾದ ಮೇಲೆ ದಕ್ಷಿಣಕ್ಕೆ ಬಂದ ದೊಡ್ಡ ತಂಡ ಎಂದರೆ ಅಮೆರಿಕದ ಪೀಸ್ ಕೋರ್. 1966ರಿಂದ 1981ರವರೆಗೆ ಸುಮಾರು 2000 ಮಂದಿ ಬಂದರು. ಕೆಲವರು ಕ್ಷಯ, ಕುಷ್ಠ ರೋಗದ ಕೆಲಸಕ್ಕೆ. ಬಹಳ ಮಂದಿ ಹಳ್ಳಿ, ಸಣ್ಣ ಪೇಟೆಗಳ ಶಾಲೆಗಳಿಗೆ ಇಂಗ್ಲಿಷ್ ಕಲಿಸಲಿಕ್ಕೆ. ಮೊದಲು ಅವರಿಗೆ ಕೊರಿಯನ್ ಭಾಷೆಯ ತರಬೇತಿ. ಆಮೇಲೆ ಊರಿನ ಯಾವುದಾದರೂ ಮನೆಯಲ್ಲಿ ಬಿಡಾರ. ಕೋಣೆಯಲ್ಲಿ ಮಂಚ ಇಲ್ಲ, ಕುರ್ಚಿ ಇಲ್ಲ. ರಾತ್ರಿ ನೆಲದ ಮೇಲೆ ಹಾಸಿಗೆ, ಬೆಳಿಗ್ಗೆ ಅದನ್ನು ಮಡಿಸಿಟ್ಟರೆ ಅದೇ ಊಟದ ಕೋಣೆ. ಚಪ್ಪಲಿ ಹೊರಗೆ. ಇಷ್ಟರ ಮಟ್ಟಿಗೆ ನಮ್ಮ ಮನೆಯ ಹಾಗೇ ಅಲ್ವಾ? ಆದರೆ ಚಳಿಗಾಲದಲ್ಲಿ ಅಲ್ಲಿ ನೀರು ಗಡ್ಡೆ ಕಟ್ಟುತ್ತದೆ. ಅದಕ್ಕೇ ನೆಲವನ್ನೇ ಕಾಯಿಸುವ ಉಪಾಯ, ಓಂಡೋಲ್ ಅಂತ. ಹೊರಗೆ ಒಲೆ ಉರಿಸಿದರೆ ಬಿಸಿ ಹೊಗೆ ನೆಲದಡಿಯ ಕಿಂಡಿಗಳಲ್ಲಿ ಹರಿದು ಆಚೆ ಬದಿಯ ಚಿಮಣಿಯಿಂದ ಹೋಗುತ್ತದೆ. ಬೆನ್ನು ಬೆಚ್ಚಗೆ, ಮೂಗು ತಣ್ಣಗೆ! ಹಿಂದೆ ಸೌದೆ ಉರಿಸುತ್ತಿದ್ದರು. ಆ ಕಾಲಕ್ಕೆ ತೂತು ತೂತಾದ ದುಂಡನೆಯ ಕಲ್ಲಿದ್ದಲ ಬಿಲ್ಲೆ ಬಂದಿತ್ತು. ಅದನ್ನು ಬದಲಿಸಲು ಮನೆಯೊಡತಿ ನಡುರಾತ್ರಿ ಎದ್ದು ಹೋಗಬೇಕು. ನೆಲದಲ್ಲಿ ಒಂದು ಬಿರುಕಿದ್ದರೆ ವಿಷದ ಹೊಗೆ ಒಳಗೆ ಬಂದು ಮಲಗಿದವರು ಏಳದೇ ಹೋಗುವುದೂ ಇತ್ತು. ಚಳಿಗಾಲ ಬಂತೆಂದರೆ ಕೊರಿಯಾದ ಪತ್ರಿಕೆಗಳಲ್ಲಿ ಅಂಥ ಸುದ್ದಿ.

ಊಟಕ್ಕೆ ಅನ್ನ, ಸಾರು, ಮೂರು ಹೊತ್ತೂ ಕಿಮ್ಚಿ. ಕಿಮ್ಚಿ ಎಂದರೆ ಒಂದು ಬಗೆಯ ಕೋಸಿಗೆ ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕಿ ಹುಳಿ ಬರಿಸಿದ್ದು. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಮಾವಿನ ಮಿಡಿ ಭರಣಿಗೆ ಹಾಕುವ ಹಾಗೆ ಅಲ್ಲಿ ಚಳಿಗಾಲಕ್ಕೆ ಮೊದಲು ನೆರೆಕರೆಯ ಹೆಂಗಸರೆಲ್ಲ ಸೇರಿ ರಾಶಿ ರಾಶಿ ಕೋಸು ಹಾಕಿ ಜಾಡಿಗಳನ್ನು ನೆಲದಲ್ಲಿ ಹೂಳುತ್ತಿದ್ದರು. ನಡುರಾತ್ರಿಯಿಂದ ಬೆಳಗಿನ ನಾಲ್ಕರವರೆಗೆ ಬೀದಿಗೆ ಇಳಿಯುವ ಹಾಗಿಲ್ಲ. ಆ ಕರ್ಫ್ಯೂ ತೆಗೆದದ್ದು 1982ರಲ್ಲಿ. ಶಾಲೆಯಲ್ಲಿ ಒಂದೊಂದು ತರಗತಿಗೆ 60ಕ್ಕೂ ಮೇಲೆ ಮಕ್ಕಳು. ಗಂಡುಮಕ್ಕಳು ಕರಿ ಸಮವಸ್ತ್ರ, ಸಣ್ಣಗೆ ಬೋಳಿಸಿದ ತಲೆ. ಪಾಠ ಎಂದರೆ ವ್ಯಾಕರಣ, ಅನುವಾದ. ಪರೀಕ್ಷೆಯಲ್ಲಿ ಕೇಳದ ‘ಮಾತಾಡುವ ಇಂಗ್ಲಿಷ್’ ಹೇಳಿಕೊಡಲು ಬಂದ ಇಪ್ಪತ್ತು ಚಿಲ್ಲರೆ ವರ್ಷದ ಅಮೆರಿಕನ್ನಿಗೆ ಆ ಅರವತ್ತು ತಲೆಗಳ ಮುಂದೆ ಏನು ಮಾಡಲಿಕ್ಕಾದೀತು? ಒಂದು ಹಾಡು, ಎರಡು ವಾಕ್ಯ, ಗಂಟೆ ಬಡಿಯಿತು. ಆ ವರ್ಷಗಳಲ್ಲಿ ಮಕ್ಕಳು ಕಲಿತ ಇಂಗ್ಲಿಷಿಗಿಂತ ಮಾಸ್ತರರು ಕಲಿತ ಕೊರಿಯನ್ನೇ ಜಾಸ್ತಿ ಬಾಳಿಕೆ ಬಂತು ಎಂದು ನನಗೆ ಅನಿಸುತ್ತದೆ. 1975ರಲ್ಲಿ ಯೆಸಾನ್ ಎಂಬ ಸಣ್ಣ ಊರಿಗೆ ಕ್ಯಾಥ್ಲೀನ್ ಸ್ಟೀಫನ್ಸ್ ಎಂಬ ತರುಣಿ ಹೀಗೇ ಬಂದರು. ಊರವರು ಆಕೆಗೆ ಶಿಮ್ ಉನ್‌ಗ್ಯಂಗ್ ಎಂಬ ಕೊರಿಯನ್ ಹೆಸರಿನಿಂದಲೇ ಪರಿಚಿತರು. 2008ರಲ್ಲಿ ಅವರೇ ಅಮೆರಿಕದ ರಾಯಭಾರಿಯಾಗಿ ಬಂದು ಆ ಹಳೆಯ ಶಾಲೆಗೆ ಹೋದಾಗ ಮಾತಾಡಿದ್ದು ಕೊರಿಯನ್ ಭಾಷೆಯಲ್ಲಿ.

ಆಮೇಲಿನ ಕೊರಿಯಾ ಬೇರೆಯೇ. ಕಾರ್ಖಾನೆ, ಹಡಗುಕಟ್ಟೆ, ಕಾರು, ಟಿವಿ. ಮಾರಬೇಕಾದರೆ ಇಂಗ್ಲಿಷ್ ಬೇಕು. ಮನೆಪಾಠದ ಹುಚ್ಚು ಎಷ್ಟು ಏರಿತ್ತೆಂದರೆ 1980ರಲ್ಲಿ ಸೈನಿಕ ಸರಕಾರ ಖಾಸಗಿ ಟ್ಯೂಷನ್ನನ್ನೇ ನಿಷೇಧಿಸಿತು. ಸ್ವಲ್ಪ ಸ್ವಲ್ಪವಾಗಿ ಸಡಿಲವಾದ ಆ ನಿಷೇಧವನ್ನು 2000ದಲ್ಲಿ ಸಂವಿಧಾನ ನ್ಯಾಯಾಲಯವೇ ತಳ್ಳಿಹಾಕಿತು. ಹಾಗ್‌ವನ್ ಎಂಬ ಟ್ಯೂಷನ್ ಶಾಲೆಗಳು ಗಲ್ಲಿಗಲ್ಲಿಯಲ್ಲಿ ಎದ್ದವು. ಸಿಯೋಲ್‌ನಲ್ಲಿ ರಾತ್ರಿ 10ರ ಮೇಲೆ ಪಾಠ ಮಾಡಬಾರದು ಎಂದು ಕಾನೂನನ್ನೇ ತರಬೇಕಾಯಿತು ಎಂದರೆ ಯೋಚಿಸಿ. ಸರಕಾರವೂ ಹಿಂದೆ ಬೀಳಲಿಲ್ಲ. 1995ರಲ್ಲಿ ಸರಕಾರಿ ಶಾಲೆಗಳಿಗೆ ಪರದೇಶದವರನ್ನು ಕರೆತರುವ ಯೋಜನೆ ಶುರು ಮಾಡಿತು, 1997ರಿಂದ ಮೂರನೇ ತರಗತಿಗೆ ಇಂಗ್ಲಿಷ್ ಪಾಠ ತಂದಿತು.

ಹೀಗೆ ಬಂದವರಿಗೆ ಒಂದು ವರ್ಷದ ಕರಾರು. ಶಾಲೆಯೇ ಕೊಡುವ ಒಂದು ಕೋಣೆಯ ಮನೆ, ವಿಮಾನದ ಖರ್ಚು, ವರ್ಷ ಮುಗಿಸಿದರೆ ಒಂದು ತಿಂಗಳ ಸಂಬಳ ಮೇಲೆ. ಸಂಬಳ ತಿಂಗಳಿಗೆ ಸುಮಾರು 20 ಲಕ್ಷ ವಾನ್. ಅಂಕೆ ನೋಡಿ ಗಾಬರಿಯಾಗಬೇಡಿ, ನಮ್ಮ ಲೆಕ್ಕಕ್ಕೆ ಒಂದು ಲಕ್ಷದ ಮೇಲೆ ಸ್ವಲ್ಪ. ವಾರಕ್ಕೆ 22 ಪೀರಿಯಡ್ಡು. ಮಕ್ಕಳಿಗೆ ರಜೆ ಇದ್ದರೂ ಇವರು ಬಂದು ಖಾಲಿ ಶಾಲೆಯ ಮೇಜಿನ ಮುಂದೆ ಕೂರಬೇಕು. ಮಧ್ಯಾಹ್ನ ಮಕ್ಕಳ ಜೊತೆಗೇ ಸಾಲಿನಲ್ಲಿ ನಿಂತು ಸ್ಟೀಲ್ ತಟ್ಟೆಯಲ್ಲಿ ಊಟ. ಸಿಕ್ಕಿದವರೆಲ್ಲ ಮೊದಲು ಕೇಳುವುದು ವಯಸ್ಸು ಎಷ್ಟು, ಮದುವೆ ಆಗಿದೆಯಾ ಅಂತ. ಬಿಳಿಯರಿಗೆ ಇದು ಇರುಸುಮುರುಸು. ಆದರೆ ಯಾರು ಹಿರಿಯರು ಎಂದು ತಿಳಿಯದೆ ಕೊರಿಯನ್ ಭಾಷೆಯಲ್ಲಿ ಕ್ರಿಯಾಪದವನ್ನು ಸರಿಯಾಗಿ ಮುಗಿಸಲಿಕ್ಕೇ ಬರುವುದಿಲ್ಲ. ನೀನು, ನೀವು ಎಂದು ಅಳೆದು ಮಾತಾಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಜೆ ಮುಖ್ಯೋಪಾಧ್ಯಾಯರೊಂದಿಗೆ ಶಿಕ್ಷಕರೆಲ್ಲರ ಊಟ ಇದ್ದರೆ ತಪ್ಪಿಸುವ ಹಾಗಿಲ್ಲ. ಹಿರಿಯರಿಗೆ ಬಡಿಸುವುದೂ ಅವರಿಂದ ತೆಗೆದುಕೊಳ್ಳುವುದೂ ಎರಡು ಕೈಯಲ್ಲಿ. ಮೇ 15, ಅಂದರೆ ಸೇಜೊಂಗ್ ದೊರೆ ಹುಟ್ಟಿದ ದಿನ, ಅಲ್ಲಿ ಶಿಕ್ಷಕರ ದಿನ.

ಈ ಯೋಜನೆಯಲ್ಲಿ ನನಗೆ ಮುಖ್ಯ ಎಂದು ಕಂಡದ್ದು ಒಂದೇ. ಪರದೇಶದ ಮಾಸ್ತರರನ್ನು ಸರಕಾರಿ ಶಾಲೆಯ ತರಗತಿಯಲ್ಲಿ ಒಬ್ಬರನ್ನೇ ಬಿಡುವುದಿಲ್ಲ. ಜೊತೆಯಲ್ಲಿ ಕೊರಿಯದ ಇಂಗ್ಲಿಷ್ ಶಿಕ್ಷಕರೊಬ್ಬರು ಇರಬೇಕು ಎಂಬುದು ಕ್ರಮ. ಮಗುವಿಗೆ ಅರ್ಥವಾಗದ್ದನ್ನು ಮಗುವಿನ ಭಾಷೆಯಲ್ಲಿ ಹೇಳಲು ಕೋಣೆಯಲ್ಲಿ ಒಬ್ಬರಾದರೂ ಬೇಕು ಎಂದು ಇಂಗ್ಲಿಷ್ ಪಾಠಕ್ಕೂ ಅವರು ತೀರ್ಮಾನಿಸಿದ್ದಾರೆ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಗೆ ಕನ್ನಡದ ಅಕ್ಷರವೇ ಗೊತ್ತಿಲ್ಲದವರು ಲೆಕ್ಕ ಕಲಿಸಲು ಬಂದು, ಹೆತ್ತವರು ಶಾಲೆಯ ಗೇಟಿನಲ್ಲಿ ನಿಂತದ್ದನ್ನು ಕಂಡವರು ಈ ಕ್ರಮದ ಬೆಲೆ ಬಲ್ಲರು. ಆ ಬಂದ ಟೀಚರದ್ದು ಇದರಲ್ಲಿ ತಪ್ಪಿಲ್ಲ, ಪಾಪ.

ಎಲ್ಲವೂ ಸುಖವೇ ಎಂದಲ್ಲ. ಟ್ಯೂಷನ್ ಶಾಲೆಗಳಲ್ಲಿ ಈ ಕ್ರಮ ಇಲ್ಲ. ಸಂಬಳ ಕೊಡದೆ ರಾತ್ರೋರಾತ್ರಿ ಬಾಗಿಲು ಹಾಕಿದ ಧಣಿಗಳೂ ಇದ್ದಾರೆ, ಕರಾರು ಮುರಿದು ರಾತ್ರಿಯ ವಿಮಾನ ಹತ್ತಿದ ಮಾಸ್ತರರೂ ಇದ್ದಾರೆ. 2007ರಲ್ಲಿ ಅಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಪರದೇಶಿ ಮಕ್ಕಳ ಮೇಲಿನ ದೌರ್ಜನ್ಯಕ್ಕಾಗಿ ಥಾಯ್ಲೆಂಡಿನಲ್ಲಿ ಸಿಕ್ಕಿಬಿದ್ದ ಮೇಲೆ ಎಲ್ಲರ ಮೇಲೂ ಸಂಶಯ ಹರಡಿತು. ಪೊಲೀಸ್ ದಾಖಲೆ ಕೇಳಿದ್ದು ನ್ಯಾಯವೇ. ಆದರೆ ಎಚ್‌ಐವಿ ರಕ್ತಪರೀಕ್ಷೆಯನ್ನೂ ಕಡ್ಡಾಯ ಮಾಡಿದರು, ಅದೂ ಪರದೇಶದವರಿಗೆ ಮಾತ್ರ. ಕೊರಿಯದ ಶಿಕ್ಷಕರಿಗೆ ಇಲ್ಲ. ಒಬ್ಬ ಶಿಕ್ಷಕಿ ಒಪ್ಪದೆ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಟ್ಟಳು. ಇದು ಜನಾಂಗ ಭೇದ ಎಂದು 2015ರಲ್ಲಿ ತೀರ್ಪು ಬಂತು, 2017ರಲ್ಲಿ ಆ ಪರೀಕ್ಷೆ ನಿಂತಿತು.

ಉಚ್ಚಾರದ ಹುಚ್ಚಿನ ಒಂದು ಕತೆ ಹೇಳಿಬಿಡುತ್ತೇನೆ. ಕೊರಿಯನ್ನರು ಕಿತ್ತಳೆಗೆ ‘ಒರೆಂಜಿ’ ಎನ್ನುತ್ತಾರೆ. 2008ರಲ್ಲಿ ಹೊಸ ಅಧ್ಯಕ್ಷರ ಪೂರ್ವಸಿದ್ಧತಾ ಸಮಿತಿಯ ಮುಖ್ಯಸ್ಥೆ ಈ ಮಾತನ್ನು ಎತ್ತಿಕೊಂಡರು. ಅಮೆರಿಕದಲ್ಲಿ ‘ಒರೆಂಜಿ’ ಎಂದರೆ ಯಾರಿಗೂ ತಿಳಿಯದು, ‘ಆರ್ವಿಂಜಿ’ ಎನ್ನಬೇಕು, ಬರೆಯುವ ಕ್ರಮವನ್ನೂ ಹಾಗೇ ಬದಲಿಸೋಣ ಎಂದರು. ದೇಶಕ್ಕೆ ದೇಶವೇ ನಕ್ಕಿತು. ಅದೇ ಅಧಿಕಾರಿಗಳು ಬೇರೆ ವಿಷಯಗಳನ್ನೂ ಇಂಗ್ಲಿಷಿನಲ್ಲೇ ಕಲಿಸುವ ಆಲೋಚನೆಯನ್ನು ಆಗ ತೇಲಿಬಿಟ್ಟಿದ್ದರು. ವಿರೋಧ ಎದ್ದು ಕೂಡಲೇ ಅದನ್ನು ಕೈಬಿಟ್ಟರು. ಇವತ್ತಿಗೂ ಸಾಮಾನ್ಯ ಶಾಲೆಯಲ್ಲಿ ಲೆಕ್ಕ, ವಿಜ್ಞಾನ, ಚರಿತ್ರೆ ಎಲ್ಲ ಕೊರಿಯನ್ನಿನಲ್ಲೇ. ಹಾಗೆಂದು ಇಂಗ್ಲಿಷಿನ ಭಯ ಕಡಿಮೆ ಎಂದಲ್ಲ. ನವೆಂಬರಿನಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಅರ್ಧ ಗಂಟೆ, ದೇಶದ ಯಾವ ನಿಲ್ದಾಣದಿಂದಲೂ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ.

ಇನ್ನು, ಈ ಕೆಲಸಕ್ಕೆ ಯಾರು ಹೋಗಬಹುದು? ವೀಸಾ ಸಿಗುತ್ತಿದ್ದದ್ದು ಏಳು ದೇಶದವರಿಗೆ ಮಾತ್ರ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ನಮ್ಮವರಿಗೂ ಒಂದು ಕಿಂಡಿ ತೆರೆಯಿತು, ಸರಕಾರಿ ಶಾಲೆಯಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ. ಆ ಏಳು ದೇಶದವರು ಟ್ಯೂಷನ್ ಶಾಲೆಗೆ ಹೋಗಲು ಯಾವ ವಿಷಯದಲ್ಲಿ ಪದವಿ ಪಡೆದಿದ್ದರೂ ಸಾಕು. ಭಾರತದವರಾದರೆ ಇಂಗ್ಲಿಷಿನ ಪದವಿಯೂ ಬೇಕು, ಶಿಕ್ಷಕರ ತರಬೇತಿಯ ಸರ್ಟಿಫಿಕೇಟೂ ಬೇಕು.