ಎರಡು ಹೃದಯ, ಒಂದು ರಕ್ತನಾಳ: ‘ಇಬ್ಬರು ಫ್ರಿಡಾಗಳು’ ಚಿತ್ರದ ಭಾವ ಮತ್ತು ಸಂಕೇತ

ಮೆಕ್ಸಿಕೋದ ಕಲಾವಿದೆ ಫ್ರಿಡಾ ಕಾಹ್ಲೋ (1907–1954) ಅವರು 1939ರಲ್ಲಿ ರಚಿಸಿದ ‘ಇಬ್ಬರು ಫ್ರಿಡಾಗಳು’ ತೈಲವರ್ಣ ಚಿತ್ರವು 1940ರ ಜನವರಿಯಲ್ಲಿ ಮೆಕ್ಸಿಕೋ ನಗರದ ಅಂತಾರಾಷ್ಟ್ರೀಯ ಅತಿವಾಸ್ತವವಾದಿ ಕಲಾಪ್ರದರ್ಶನದಲ್ಲಿ ಸ್ಥಾನ ಪಡೆಯಿತು. ಆಂದ್ರೆ ಬ್ರೆತಾನ್ ಅವರನ್ನು ಅತಿವಾಸ್ತವವಾದಿಗಳ ಸಾಲಿಗೆ ಸೇರಿಸಿದ್ದರು. ತಾವು ಚಿತ್ರಿಸಿದ್ದು ಕನಸನ್ನಲ್ಲ, ಸ್ವಂತ ವಾಸ್ತವವನ್ನು ಎಂಬುದು ಕಾಹ್ಲೋ ಅವರ ನಿಲುವು. ಈ ಭೇದವು ಕೇವಲ ಹೆಸರಿನದಲ್ಲ. ಚಿತ್ರವನ್ನು ಕನಸೆಂದು ಬಗೆದರೆ ಅದರ ಸಂಕೇತಗಳು ತಮ್ಮ ಇತಿಹಾಸದಿಂದ ಕಳಚಿಕೊಳ್ಳುತ್ತವೆ.

ಸುಮಾರು 173 ಸೆಂ.ಮೀ. ಚದರದ ಈ ಚಿತ್ರದಲ್ಲಿ ಒಂದೇ ಮುಖದ ಇಬ್ಬರು ಸ್ತ್ರೀಯರು ಕೈಹಿಡಿದು ಕುಳಿತಿದ್ದಾರೆ. ನೋಡುಗರ ಎಡಕ್ಕಿರುವವಳದು ಐರೋಪ್ಯ ಶೈಲಿಯ ಬಿಳಿ ಉಡುಪು. ಬಲಕ್ಕಿರುವವಳದು ತೆಹುವಾಂತೆಪೆಕ್ ಪ್ರದೇಶದ ಸ್ತ್ರೀಯರ ಉಡುಪು. ಕಾಹ್ಲೋ ಅವರ ತಂದೆ ಜರ್ಮನಿಯಲ್ಲಿ ಜನಿಸಿದವರು. ತಾಯಿ ಸ್ಪ್ಯಾನಿಷ್ ಹಾಗೂ ಮೂಲನಿವಾಸಿ ಮನೆತನಗಳ ಸಂತತಿ. ಮೇಲಾಗಿ, 1910ರಲ್ಲಿ ಆರಂಭವಾದ ಕ್ರಾಂತಿಯ ನಂತರ ತೆಹುವಾನಾ ಉಡುಪು ಮೆಕ್ಸಿಕೋದ ರಾಷ್ಟ್ರೀಯ ಅಸ್ಮಿತೆಯ ಕುರುಹಾಗಿ ಬೆಳೆದಿತ್ತು. ಆದ್ದರಿಂದ ಈ ಇಬ್ಬಗೆ ವ್ಯಕ್ತಿಯೊಬ್ಬರದಷ್ಟೇ ಅಲ್ಲ, ಒಂದು ಸಮಾಜದ್ದೂ ಹೌದು.

ಚಿತ್ರದ ಅರ್ಥವನ್ನು ಹೆಣೆಯುವುದು ರಕ್ತನಾಳ. ಬಲಗಡೆಯವಳ ಕೈಯಲ್ಲಿರುವ, ಪತಿ ಡಿಯೆಗೊ ರಿವೇರಾ ಅವರ ಬಾಲ್ಯದ ಪುಟ್ಟ ಭಾವಚಿತ್ರದಿಂದ ಹೊರಟ ನಾಳವು ಅವಳ ಅಖಂಡ ಹೃದಯವನ್ನು ಹಾದು, ಎಡಗಡೆಯವಳ ಸೀಳಿದ ಹೃದಯವನ್ನು ಸೇರಿ, ಕೊನೆಗೆ ತುಂಡಾಗಿದೆ. ಆ ತುದಿಯನ್ನು ಅವಳು ಶಸ್ತ್ರಚಿಕಿತ್ಸೆಯ ಇಕ್ಕಳದಿಂದ ಅದುಮಿದ್ದರೂ ರಕ್ತ ತೊಟ್ಟಿಕ್ಕುತ್ತದೆ. 1925ರ ಬಸ್ ಅಪಘಾತದ ನಂತರ ಚಿಕಿತ್ಸೆಯಲ್ಲೇ ಬಾಳಿದ ಕಲಾವಿದೆಗೆ ಇಕ್ಕಳವು ಕಲ್ಪನೆಯ ವಸ್ತುವಲ್ಲ. ಉಡುಪಿನ ಅಂಚಿನ ಕೆಂಪು ಹೂಗಳ ಬಳಿ ಬಿದ್ದ ರಕ್ತದ ಕಲೆಗಳು ಕಸೂತಿಯೊಡನೆ ಬೆರೆಯುವಂತಿವೆ. ನೋವು ಅಲಂಕಾರದ ಸನಿಹಕ್ಕೆ ಬಂದು ನಿಂತಿದೆ.

ಚಿತ್ರದ ಭಾವ ಹುಟ್ಟುವುದು ವೈರುಧ್ಯದಿಂದ. ಹಿಂದೆ ಕದಡಿದ ಮೋಡಗಳ ಆಕಾಶ, ಮುಂದೆ ನಿರ್ವಿಕಾರ ಮುಖಗಳು. ಕಣ್ಣೀರಿಲ್ಲ, ಮೊರೆಯಿಲ್ಲ. ಮುಖ ಬಚ್ಚಿಟ್ಟದ್ದನ್ನು ಹೃದಯ ಬಯಲುಮಾಡುತ್ತದೆ. ಕರುಣರಸವನ್ನು ಬೇಡದ ಈ ಸಂಯಮವೇ ನೋಡುಗರನ್ನು ಹೆಚ್ಚು ಕಲಕುತ್ತದೆ.

1939ರಲ್ಲೇ ರಿವೇರಾ ಅವರೊಂದಿಗೆ ವಿಚ್ಛೇದನವಾದುದರಿಂದ ಚಿತ್ರವನ್ನು ದಾಂಪತ್ಯದ ದುಃಖವೆಂದಷ್ಟೇ ವಿವರಿಸುವುದು ರೂಢಿ. ಅದು ಸುಳ್ಳಲ್ಲ, ಆದರೆ ಅಪೂರ್ಣ. ರಿವೇರಾ ಇಲ್ಲಿ ಅಂಗೈಯಗಲದ ಬಿಂಬವಾಗಿ ಕುಗ್ಗಿದ್ದಾರೆ. ಚಿತ್ರದ ನಡುಭಾಗದಲ್ಲಿರುವುದು ಪರಸ್ಪರ ಹಿಡಿದ ಎರಡು ಕೈಗಳು. ನಾಳ ತುಂಡಾದರೂ ಆ ಹಿಡಿತ ಸಡಿಲಿಲ್ಲ. 1940ರ ಡಿಸೆಂಬರಿನಲ್ಲಿ ದಂಪತಿ ಮರುವಿವಾಹವಾದರು; ಚಿತ್ರದ ಪ್ರಶ್ನೆ ಅದರಿಂದ ಪರಿಹಾರವಾಗಲಿಲ್ಲ. ಒಡೆದ ವ್ಯಕ್ತಿತ್ವವು ತನಗೆ ತಾನೇ ಆಸರೆಯಾಗಬಲ್ಲುದೇ ಎಂಬ ಆ ಪ್ರಶ್ನೆಯೇ ಕೃತಿಯನ್ನು ಆತ್ಮಕಥನದ ಮಿತಿಯಿಂದ ಪಾರುಮಾಡಿದೆ.