ವೀಸಾ ಅನ್ನೋ ಒಂದು ಪ್ಯಾರಾ

ದೊಡ್ಡ ವೈದ್ಯಕೀಯ ಸಮ್ಮೇಳನ ಜಗತ್ತಿನ ಯಾವ ಮೂಲೆಯಲ್ಲೇ ನಡೆಯಲಿ, ‘ಪ್ರತಿನಿಧಿಗಳಿಗೆ ಪ್ರಯಾಣ ಮಾಹಿತಿ’ ಅಂತ ಒಂದು ಪುಟ ಇದ್ದೇ ಇರುತ್ತದೆ. ವಿಮಾನ ನಿಲ್ದಾಣದಿಂದ ಸಭಾಂಗಣಕ್ಕೆ ಯಾವ ರೈಲು, ಟ್ಯಾಕ್ಸಿಗೆ ಎಷ್ಟಾಗಬಹುದು, ಜುಲೈನಲ್ಲಿ ಸ್ವೆಟರ್ ಬೇಕಾ ಬೇಡವಾ, ಪ್ಲಗ್ಗಿಗೆ ಎರಡು ಪಿನ್ನೋ ಮೂರೋ, ಟಿಪ್ಸ್ ಕೊಡದಿದ್ದರೆ ಹೋಟೆಲಿನವರು ಮುಖ ತಿರುಗಿಸುತ್ತಾರಾ... ಇದಕ್ಕಿಂತ ಬೋರಾದ ಬರಹ ಸಿಗುವುದು ಕಷ್ಟ. ಆದರೆ ಅದೇ ಪುಟದಲ್ಲಿ ‘ವೀಸಾ’ ಅಂತ ಒಂದು ಪ್ಯಾರಾ ಇರುತ್ತದಲ್ಲ, ಅದರ ಹಿಂದೆ ಮಾತ್ರ ದೊಡ್ಡ ಕತೆಯೇ ಇದೆ. ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನವನ್ನೇ ತೆಗೆದುಕೊಳ್ಳಿ. ಸಮ್ಮೇಳನ ಯಾವ ಊರಿನಲ್ಲಿ ನಡೆಯಬೇಕು, ಅಲ್ಲಿ ಯಾರು ಮಾತಾಡಬಹುದು, ಯಾರು ಮನೆಯಲ್ಲೇ ಕೂರಬೇಕು ಎಂಬುದನ್ನೆಲ್ಲ ಎಷ್ಟೋ ವರ್ಷ ತೀರ್ಮಾನ ಮಾಡಿದ್ದು ಆ ಒಂದು ಪ್ಯಾರಾ.

ಮೊದಲ ಏಡ್ಸ್ ಸಮ್ಮೇಳನ ನಡೆದದ್ದು 1985ರಲ್ಲಿ, ಅಮೆರಿಕಾದ ಅಟ್ಲಾಂಟಾದಲ್ಲಿ. ರಕ್ತದಲ್ಲಿ ಎಚ್‌ಐವಿ ಇದೆಯಾ ಎಂದು ನೋಡುವ ಪರೀಕ್ಷೆಗೆ ಅಲ್ಲಿ ಪರವಾನಗಿ ಸಿಕ್ಕಿದ್ದೂ ಅದೇ ವರ್ಷ. ಮರುವರ್ಷ ಪ್ಯಾರಿಸ್, 1987ರಲ್ಲಿ ವಾಷಿಂಗ್ಟನ್. ಆ ಹೊತ್ತಿಗೆ ರೋಗದ ಭಯ ಎಲ್ಲಿಗೆ ಮುಟ್ಟಿತ್ತು ಅಂದರೆ, ಶ್ವೇತಭವನದ ಎದುರು ಪ್ರತಿಭಟನೆ ಮಾಡುತ್ತಿದ್ದವರನ್ನು ಬಂಧಿಸೋಕೆ ಪೊಲೀಸರು ಕೈಗೆ ಹಳದಿ ರಬ್ಬರ್ ಗ್ಲೌಸ್ ಹಾಕಿಕೊಂಡು ಬಂದಿದ್ದರು! ಪಾತ್ರೆ ತೊಳೆಯುವಾಗ ಹಾಕಿಕೊಳ್ಳುತ್ತಾರಲ್ಲ, ಅಂಥವು. ಸಮ್ಮೇಳನದ ಹಿಂದಿನ ಸಂಜೆ ಅಧ್ಯಕ್ಷ ರೇಗನ್ ಭಾಷಣ ಮಾಡಿ, ವಲಸೆ ಬರುವವರಿಗೆಲ್ಲ ಎಚ್‌ಐವಿ ಪರೀಕ್ಷೆ ಮಾಡಿಸುತ್ತೇವೆ ಎಂದರು. ಅದೇ ತಿಂಗಳು ಸೆನೆಟರ್ ಜೆಸ್ಸಿ ಹೆಲ್ಮ್ಸ್ ತಂದ ತಿದ್ದುಪಡಿ ಸೆನೆಟ್‌ನಲ್ಲಿ 96–0 ಮತಗಳಿಂದ ಪಾಸಾಯಿತು. ಒಂದೇ ಒಂದು ವಿರೋಧ ಮತ ಇಲ್ಲ. ಅಲ್ಲಿಂದ ಮುಂದೆ ಎಚ್‌ಐವಿ ಇರುವ ವಿದೇಶಿ ವಲಸಿಗನಿರಲಿ, ವಾರದ ಮಟ್ಟಿಗೆ ಬರುವ ಪ್ರವಾಸಿಯಿರಲಿ, ಅಮೆರಿಕಾದೊಳಗೆ ಕಾಲಿಡುವ ಹಾಗಿಲ್ಲ.

ತಮಾಷೆ ಏನೆಂದರೆ ಈ ಗೋಡೆ ಕೆಲಸಕ್ಕೆ ಬರುವುದಿಲ್ಲ ಎಂದು ತಿಳಿದವರು ಆಗಲೇ ಹೇಳಿಯಾಗಿತ್ತು. 1987ರ ಮಾರ್ಚ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ತಜ್ಞರ ಸಭೆ ಕರೆದಿತ್ತು. ಪ್ರಯಾಣಿಕರನ್ನು ಹಿಡಿದು ಪರೀಕ್ಷೆ ಮಾಡಿದರೆ ಏಡ್ಸ್ ತಡೆಯೋಕಾಗಲ್ಲ, ದುಡ್ಡು ದಂಡ, ಎಂಬುದೇ ಅಲ್ಲಿ ಬಂದ ತೀರ್ಮಾನ. ಆಗ ಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಮುಖ್ಯಸ್ಥ ಜೊನಾಥನ್ ಮ್ಯಾನ್ ಎಂಬ ಅಮೆರಿಕಾದ ವೈದ್ಯ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ನನ್ನಂಥ ಸಾಫ್ಟ್‌ವೇರ್ ಮಂದಿಗೆ ಇದರ ಎಡವಟ್ಟು ಬೇಗ ಅರ್ಥವಾಗುತ್ತದೆ. ನಾಲ್ಕು ದಿನಕ್ಕೆ ಬಂದು ಹೋಗುವವರ ರಕ್ತವನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಇದ್ದದ್ದು ಅರ್ಜಿಯಲ್ಲಿ ಒಂದು ಪ್ರಶ್ನೆ ಮಾತ್ರ: ನಿಮಗೆ ಸಾಂಕ್ರಾಮಿಕ ರೋಗ ಇದೆಯೇ? ಹೌದು, ಇಲ್ಲ. ಸುಳ್ಳು ಹೇಳಿದವನು ಆರಾಮಾಗಿ ಒಳಗೆ ಹೋಗುತ್ತಾನೆ, ನಿಜ ಹೇಳಿದವನು ಬಾಗಿಲಲ್ಲೇ ಸಿಕ್ಕಿಬೀಳುತ್ತಾನೆ. ತನಗೆ ಸೋಂಕಿರುವುದೇ ಗೊತ್ತಿಲ್ಲದವನಿಗಂತೂ ಯಾವ ತೊಂದರೆಯೂ ಇಲ್ಲ. ಅಂದರೆ ಈ ಫಿಲ್ಟರ್ ಹಿಡಿಯುತ್ತಿದ್ದದ್ದು ವೈರಸ್ ಅನ್ನಲ್ಲ, ಪ್ರಾಮಾಣಿಕತೆಯನ್ನ. ಅದೂ ಅಲ್ಲದೆ ಆ ಕಾಲದಲ್ಲಿ ಅತಿ ಹೆಚ್ಚು ಏಡ್ಸ್ ಪ್ರಕರಣ ವರದಿಯಾಗುತ್ತಿದ್ದ ದೇಶವೇ ಅಮೆರಿಕಾ. ಹೊರಗಿನಿಂದ ಬರುವುದನ್ನು ತಡೀತೀವಿ ಅನ್ನುವುದಕ್ಕೆ ಏನರ್ಥ?

ಹಾಗಂತ ಕಾನೂನು ಬರೀ ಕಾಗದದಲ್ಲಿ ಉಳಿಯಲಿಲ್ಲ. 1989ರ ಏಪ್ರಿಲ್‌ನಲ್ಲಿ ಹಾನ್ಸ್ ಪೌಲ್ ವೆರ್‌ಹೂಫ್ ಎಂಬ ಡಚ್ ಆರೋಗ್ಯ ಕಾರ್ಯಕರ್ತ ಸ್ಯಾನ್ ಫ್ರಾನ್ಸಿಸ್ಕೋದ ಆರೋಗ್ಯ ಸಮ್ಮೇಳನವೊಂದಕ್ಕೆ ಹೊರಟಿದ್ದ. ಮಿನಿಯಾಪೊಲಿಸ್ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತೆಗೆಸಿದ ಅಧಿಕಾರಿಗಳಿಗೆ ಎಜೆಡ್‌ಟಿ ಮಾತ್ರೆ ಸಿಕ್ಕಿತು. ಏಡ್ಸ್‌ಗೆ ಆಗ ಮಂಜೂರಾಗಿದ್ದ ವೈರಸ್ ನಿರೋಧಕ ಔಷಧ ಅದೊಂದೇ. ಕಂಡ ಕೂಡಲೇ ವಿಷಯ ಗೊತ್ತಾಗಿಬಿಟ್ಟಿತು. ಕಳ್ಳತನ ಮಾಡದ, ಯಾರಿಗೂ ಕೇಡು ಬಗೆಯದ ಆ ಮನುಷ್ಯ ಕೆಲವು ದಿನ ಜೈಲಿನಲ್ಲಿ ಕಳೆಯಬೇಕಾಯಿತು. ಬಿಡುಗಡೆಯಾದದ್ದು ವಲಸೆ ನ್ಯಾಯಾಧೀಶರು ಹೇಳಿದ ಮೇಲೆ. ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಪ್ರಯಾಣ ಮಾಹಿತಿ ಪುಟಗಳಲ್ಲಿ ಇನ್ನೊಂದು ಮಾಮೂಲಿ ಸಲಹೆ ಇರುತ್ತದೆ: ಔಷಧಗಳನ್ನು ಅವುಗಳ ಮೂಲ ಡಬ್ಬಿಯಲ್ಲೇ ತನ್ನಿ, ವೈದ್ಯರ ಚೀಟಿ ಜೊತೆಗಿರಲಿ. ಅಮೆರಿಕಾಕ್ಕೆ ಹೋಗುವ ಎಚ್‌ಐವಿ ಸೋಂಕಿತರು ಮಾಡುತ್ತಿದ್ದದ್ದು ಇದರ ಉಲ್ಟಾ. ಮಾತ್ರೆಗಳನ್ನು ವಿಟಮಿನ್ ಬಾಟಲಿಗೆ ತುಂಬಿಸುವುದು, ಮುಂಚೆಯೇ ಸ್ನೇಹಿತರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುವುದು, ಅದೂ ಆಗದಿದ್ದರೆ ಅಷ್ಟು ದಿನ ಮಾತ್ರೆಯನ್ನೇ ಬಿಡುವುದು. ಮುಂದೆ ಮೂರು ಔಷಧಗಳನ್ನು ಸೇರಿಸಿ ಕೊಡುವ ಚಿಕಿತ್ಸೆ ಬಂದ ಮೇಲೆ ಹೀಗೆ ನಡುವೆ ಬಿಡುವುದು ಇನ್ನೂ ಅಪಾಯ, ಯಾಕೆಂದರೆ ವೈರಸ್ ಆ ಔಷಧಗಳಿಗೇ ಒಗ್ಗಿಕೊಳ್ಳಬಹುದು. ರೋಗ ತಡೆಯಲು ಮಾಡಿದ ಕಾನೂನು ರೋಗಿಯ ಕೈಯಿಂದ ಔಷಧ ಬಿಡಿಸುತ್ತಿತ್ತು.

ವೆರ್‌ಹೂಫ್ ಪ್ರಕರಣದ ನಂತರ ಅಮೆರಿಕಾ ಸರಕಾರ ಒಂದಿಷ್ಟು ಸಡಿಲಿಸಿತು. ಸಮ್ಮೇಳನಕ್ಕೋ ಚಿಕಿತ್ಸೆಗೋ ಬರುವವರಿಗೆ 30 ದಿನದ ವಿನಾಯಿತಿ. ಆದರೆ ಅದಕ್ಕೆ ‘ನನಗೆ ಎಚ್‌ಐವಿ ಇದೆ’ ಎಂದು ಬರೆದುಕೊಡಬೇಕು, ಅದರ ಗುರುತು ಪಾಸ್‌ಪೋರ್ಟಿನಲ್ಲಿ ಬೀಳುತ್ತದೆ. ಆಮೇಲೆ ಜೀವಮಾನವಿಡೀ ಯಾವ ದೇಶದ ಯಾವ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೆರೆದರೂ ಎದುರಿಗಿರುವವನಿಗೆ ಗೊತ್ತಾಗುತ್ತದೆ. ಯಾರು ತಾನೇ ಒಪ್ಪುತ್ತಾರೆ?

ಅದೇ 1989ರ ಜೂನ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಐದನೇ ಸಮ್ಮೇಳನ. ಪಾಲೆ ದೆ ಕಾಂಗ್ರೆ ಎಂಬ ದೊಡ್ಡ ಸಭಾಂಗಣ. ಉದ್ಘಾಟನೆ ಶುರುವಾಗುವ ಮೊದಲೇ ಹೋರಾಟಗಾರರ ಗುಂಪು ವೇದಿಕೆ ಹತ್ತಿಬಿಟ್ಟಿತು. ಟೊರೊಂಟೋದ ಟಿಮ್ ಮೆಕ್‌ಕ್ಯಾಸ್ಕೆಲ್ ಮೈಕ್ ಹಿಡಿದು, ಏಡ್ಸ್ ಪೀಡಿತರ ಪರವಾಗಿ ಸಮ್ಮೇಳನವನ್ನು ನಾನೇ ಉದ್ಘಾಟಿಸಿದ್ದೇನೆ ಎಂದು ಘೋಷಿಸಿದರು. ಅಲ್ಲಿಯವರೆಗೆ ಅದು ಡಾಕ್ಟರುಗಳ, ವಿಜ್ಞಾನಿಗಳ ಸಭೆ. ರೋಗಿಗಳು ಸ್ಲೈಡುಗಳಲ್ಲಿ ಅಂಕಿಗಳಾಗಿ ಬರುತ್ತಿದ್ದರು, ಅಷ್ಟೇ. ಮಾಂಟ್ರಿಯಲ್ ನಂತರ ಅವರನ್ನು ಹೊರಗಿಟ್ಟು ಸಮ್ಮೇಳನ ಮಾಡುವುದು ಕಷ್ಟವಾಯಿತು. ವೀಸಾ ಪ್ಯಾರಾ ಮುಖ್ಯವಾದದ್ದು ಅದಕ್ಕೇ. ಡಾಕ್ಟರುಗಳು ಮಾತ್ರ ಬರುವ ಸಭೆಗೆ ಅಮೆರಿಕಾದ ನಿಷೇಧದಿಂದ ಅಂಥ ತೊಂದರೆ ಏನೂ ಆಗುತ್ತಿರಲಿಲ್ಲ.

ಮುಂದಿನ ವರ್ಷದ ಊರು? ಸ್ಯಾನ್ ಫ್ರಾನ್ಸಿಸ್ಕೋ! 1990ರ ಏಪ್ರಿಲ್‌ನಲ್ಲಿ ಸರಕಾರ ಇನ್ನೊಂದು ತೇಪೆ ಹಾಕಿತು. ಇಂಥ ಸಮ್ಮೇಳನಗಳಿಗೆ ಬರುವವರಿಗೆ 10 ದಿನದ ವಿಶೇಷ ವೀಸಾ, ಸೋಂಕಿದೆಯಾ ಇಲ್ಲವಾ ಎಂದು ಕೇಳುವುದಿಲ್ಲ. ಆದರೆ ಆ ವೀಸಾ ಕೇಳುವುದೇ ಒಂದು ಗುರುತಲ್ಲವೇ? ನೂರಕ್ಕೂ ಹೆಚ್ಚು ಸಂಘಟನೆಗಳು ಸಮ್ಮೇಳನವನ್ನು ಬಹಿಷ್ಕರಿಸಿದವು. ಒಳಗೆ ಉದ್ಘಾಟನೆಯಲ್ಲಿ ಮಾತಾಡಿದ ಪೀಟರ್ ಸ್ಟೇಲಿ ಸ್ವತಃ ಸೋಂಕಿತರಾಗಿದ್ದ ಹೋರಾಟಗಾರ. ಕೊನೆಯ ದಿನ ಅಮೆರಿಕಾದ ಆರೋಗ್ಯ ಕಾರ್ಯದರ್ಶಿ ಲೂಯಿಸ್ ಸಲಿವನ್ ಭಾಷಣಕ್ಕೆ ನಿಂತಾಗ ಶಿಳ್ಳೆ ಕೂಗಾಟದಲ್ಲಿ ಅವರ ಒಂದು ಮಾತೂ ಕೇಳಿಸಲಿಲ್ಲ. ಅವರು ಮಾತ್ರ ಬಿಡದೆ ಪೂರ್ತಿ ಓದಿ ಮುಗಿಸಿದರು. ಪಾಪ ಅನ್ನಬೇಕೋ ಬೇಡವೋ... ಯಾಕೆಂದರೆ ಮರುವರ್ಷ, 1991ರ ಜನವರಿಯಲ್ಲಿ, ಇದೇ ಸಲಿವನ್ ಅವರ ಇಲಾಖೆ ನಿಷೇಧಿತ ರೋಗಗಳ ಪಟ್ಟಿಯಲ್ಲಿ ಸಕ್ರಿಯ ಕ್ಷಯ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆಯೋಣ ಎಂದು ಪ್ರಸ್ತಾಪ ಮುಂದಿಟ್ಟಿತು. ಹತ್ತಾರು ಸಾವಿರ ವಿರೋಧ ಪತ್ರಗಳು ಬಂದು ಬಿದ್ದವು. ಪ್ರಸ್ತಾಪ ಮೂಲೆ ಸೇರಿತು.

ಈಗ ಜೊನಾಥನ್ ಮ್ಯಾನ್ ಮತ್ತೆ ಬರುತ್ತಾರೆ. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಿಟ್ಟು ಹಾರ್ವರ್ಡ್ ಸೇರಿದ್ದರು. 1992ರ ಎಂಟನೇ ಸಮ್ಮೇಳನವನ್ನು ಹಾರ್ವರ್ಡ್ ಬಾಸ್ಟನ್‌ನಲ್ಲಿ ನಡೆಸಬೇಕು, ಮ್ಯಾನ್ ಅದರ ಅಧ್ಯಕ್ಷರು. ನಿಷೇಧ ಹೋಗದಿದ್ದರೆ ಇಲ್ಲಿ ಸಮ್ಮೇಳನ ಇಲ್ಲ ಎಂದು 1991ರಲ್ಲೇ ಹೇಳಿದರು. ನಿಷೇಧ ಹೋಗಲಿಲ್ಲ. ಒಂದು ವರ್ಷವೂ ಉಳಿದಿರಲಿಲ್ಲ, ಇಡೀ ಸಮ್ಮೇಳನವನ್ನು ಅಟ್ಲಾಂಟಿಕ್ ದಾಟಿಸಿ ಆಂಸ್ಟರ್‌ಡ್ಯಾಮ್‌ಗೆ ಒಯ್ದರು. ಸಾವಿರಾರು ಜನರ ಹೋಟೆಲು, ಸಭಾಂಗಣ, ಕಾರ್ಯಕ್ರಮ ಪಟ್ಟಿ... ಇ-ಮೇಲ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲದಲ್ಲಿ! ನಮ್ಮಲ್ಲಿ ಒಂದು ಮದುವೆ ಛತ್ರ ಬದಲಾದರೆ ಆಗುವ ಗೋಳು ನೆನೆಸಿಕೊಂಡು ಅದನ್ನು ಸಾವಿರದಿಂದ ಗುಣಿಸಿ. 1992ರ ಜುಲೈ 19ರಿಂದ 24ರವರೆಗೆ ಆಂಸ್ಟರ್‌ಡ್ಯಾಮ್‌ನ ರಾಯ್ ಸಭಾಂಗಣದಲ್ಲಿ ಸಮ್ಮೇಳನ ಸಾಂಗವಾಗಿ ನಡೆಯಿತು. ನಟಿ ಎಲಿಜಬೆತ್ ಟೇಲರ್ ಬಂದು ಅಮೆರಿಕಾದ ನೀತಿಯನ್ನು ಅಲ್ಲಿಂದಲೇ ಬೈದರು. ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ದೊಡ್ಡ ಕೆಲಸ ಇದೇ. ಖಂಡಿಸುತ್ತೇವೆ ಎಂದು ಠರಾವು ಬರೆಯುವುದು ಸುಲಭ, ಬುಕ್ ಆದ ಊರನ್ನೇ ಬಿಡುವುದು ಹಾಗಲ್ಲ.

ಅಮೆರಿಕಾ ಬಗ್ಗಿತಾ? ಇಲ್ಲ. 1993ರಲ್ಲಿ ಅಲ್ಲಿನ ಸಂಸತ್ತು ನಿಷೇಧವನ್ನು ನೇರವಾಗಿ ಕಾನೂನಿನಲ್ಲೇ ಬರೆದಿತು. ತೆಗೆಯುತ್ತೇನೆಂದು ಮಾತು ಕೊಟ್ಟಿದ್ದ ಕ್ಲಿಂಟನ್ ಅದಕ್ಕೆ ಸಹಿ ಹಾಕಬೇಕಾಯಿತು. ಸಮ್ಮೇಳನ ಬರ್ಲಿನ್, ಯೊಕೊಹಾಮಾ, ವ್ಯಾಂಕೂವರ್, ಜಿನೀವಾ ಅಂತ ಊರೂರು ಸುತ್ತಿತು. 1994ರ ಯೊಕೊಹಾಮಾ ಏಷ್ಯಾದ ಮೊದಲನೆಯದು, 2000ದ ಡರ್ಬನ್ ಆಫ್ರಿಕಾದ ಮೊದಲನೆಯದು. ಡರ್ಬನ್ ವೇದಿಕೆಯಲ್ಲಿ ಹುಟ್ಟಿನಿಂದಲೇ ಸೋಂಕಿದ್ದ 11 ವರ್ಷದ ಹುಡುಗ ಎನ್‌ಕೋಸಿ ಜಾನ್ಸನ್ ಮಾತಾಡಿದ. ಅವತ್ತಿನ ಕಾನೂನಿನ ಪ್ರಕಾರ ಆ ಮಗು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕಿದ್ದರೂ ವಿಶೇಷ ವಿನಾಯಿತಿಗೆ ಅರ್ಜಿ ಹಾಕಬೇಕಿತ್ತು. ಜೊನಾಥನ್ ಮ್ಯಾನ್ ಇದನ್ನು ನೋಡಲು ಇರಲಿಲ್ಲ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ ವಿಮಾನ ಕೆನಡಾ ಕರಾವಳಿಯ ಸಮುದ್ರಕ್ಕೆ ಬಿದ್ದಾಗ ಅವರೂ, ಅವರ ಹೆಂಡತಿ, ಲಸಿಕೆ ಸಂಶೋಧಕಿ ಮೇರಿ ಲೌ ಕ್ಲೆಮೆಂಟ್ಸ್-ಮ್ಯಾನ್ ಅವರೂ ತೀರಿಹೋದರು.

ಅಂದ ಹಾಗೆ, ಅಮೆರಿಕಾವನ್ನು ಬೈದು ನಾವು ಜಾಣರಾಗುವ ಹಾಗಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಭಾರತವೂ ವಿದೇಶಿ ವಿದ್ಯಾರ್ಥಿಗಳಿಗೆ ಕಡ್ಡಾಯ ಪರೀಕ್ಷೆ ಮಾಡಿಸಿ, ಸೋಂಕು ಕಂಡವರನ್ನು ವಾಪಸು ಕಳಿಸುತ್ತಿತ್ತು. ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಆಫ್ರಿಕಾದಿಂದ ಓದಲು ಬಂದಿದ್ದ ಹುಡುಗರು.

ಅಮೆರಿಕಾದ ನಿಷೇಧ ಕೊನೆಗೂ ಸಡಿಲವಾದದ್ದು 2008ರ ಜುಲೈನಲ್ಲಿ. ವಿದೇಶಗಳ ಏಡ್ಸ್ ನೆರವಿನ ಮಸೂದೆಯ ಜೊತೆಗೇ ಅದನ್ನು ಕಾನೂನಿನಿಂದ ಕಿತ್ತುಹಾಕಿದರು, ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದರು. ಇಲಾಖೆಯ ನಿಯಮ ಮಾತ್ರ ಹಾಗೇ ಇತ್ತು. ಅದು ಬದಲಾಗಲಿದೆ ಎಂದು 2009ರ ಅಕ್ಟೋಬರ್‌ನಲ್ಲಿ ಒಬಾಮಾ ಪ್ರಕಟಿಸಿದರು, 2010ರ ಜನವರಿ 4ರಿಂದ ಜಾರಿಗೆ ಬಂತು. 22 ವರ್ಷದ ನಂತರ, 2012ರ ಜುಲೈನಲ್ಲಿ, ಸಮ್ಮೇಳನ ಅಮೆರಿಕಾಕ್ಕೆ ಮರಳಿತು. ವಾಷಿಂಗ್ಟನ್.

ಇಲ್ಲಿಗೆ ಮುಗಿಯಿತಲ್ಲ ಅಂದುಕೊಂಡರೆ ವೀಸಾ ಪ್ಯಾರಾ ಮುಗಿದಿರಲಿಲ್ಲ. ಎಚ್‌ಐವಿ ಇದ್ದವರು ಬರಬಹುದು ಸರಿ, ಆದರೆ ಕಳೆದ 10 ವರ್ಷಗಳಲ್ಲಿ ಲೈಂಗಿಕ ವೃತ್ತಿ ಮಾಡಿದವರಿಗೆ ಅಮೆರಿಕಾದ ವಲಸೆ ಕಾನೂನಿನಲ್ಲಿ ಪ್ರವೇಶ ಇಲ್ಲ. ಮಾದಕ ವಸ್ತು ಬಳಸುವವರಿಗೂ ಬಾಗಿಲು ಮುಚ್ಚಿತ್ತು. ರೋಗ ಅತಿ ಹೆಚ್ಚು ತಟ್ಟಿದ ಗುಂಪುಗಳಲ್ಲಿ ಈ ಎರಡೂ ಸೇರಿದ್ದವು. ಕರ್ನಾಟಕದಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನ ಆಶೋದಯ ಸಮಿತಿಯಂಥ, ಲೈಂಗಿಕ ವೃತ್ತಿಯವರೇ ನಡೆಸುವ ಸಂಘಟನೆಗಳಿಲ್ಲದೆ ಇಲ್ಲಿ ಎಚ್‌ಐವಿ ತಡೆಯ ಕೆಲಸ ನಡೆಯುತ್ತಲೇ ಇರಲಿಲ್ಲ. ಹಾಗಾಗಿ ವಾಷಿಂಗ್ಟನ್‌ಗೆ ಹೋಗಲಾಗದವರು ಅದೇ ವಾರ ಕೋಲ್ಕತಾದಲ್ಲಿ ಸೇರಿದರು. ಸೋನಾಗಾಚಿಯ ದುರ್ಬಾರ್ ಸಂಘಟನೆ ಆತಿಥ್ಯ ವಹಿಸಿತ್ತು. ‘ಸ್ವಾತಂತ್ರ್ಯ ಉತ್ಸವ’ ಎಂದು ಹೆಸರಿಟ್ಟ ಆ ಸಭೆಗೆ ಹಲವಾರು ದೇಶಗಳಿಂದ ಜನ ಬಂದಿದ್ದರು. ಮಾದಕ ವಸ್ತು ಬಳಸುವವರ ಸಭೆ ಉಕ್ರೇನಿನ ಕೀವ್‌ನಲ್ಲಿ ನಡೆಯಿತು. ಒಂದೇ ಸಮ್ಮೇಳನ, ಮೂರು ಊರು.

ಇನ್ನೊಂದು ಬಗೆಯ ಗೋಡೆಯೂ ಇದೆ, ಅದಕ್ಕೂ ರೋಗಕ್ಕೂ ಸಂಬಂಧವಿಲ್ಲ. ಇವರು ಬಂದರೆ ವಾಪಸು ಹೋಗುವುದಿಲ್ಲ ಅನ್ನುವ ಅನುಮಾನ. 2002ರ ಬಾರ್ಸಿಲೋನಾ ಸಮ್ಮೇಳನಕ್ಕೇ ಬಡ ದೇಶಗಳ ಅನೇಕರಿಗೆ ವೀಸಾ ಸಿಕ್ಕಿರಲಿಲ್ಲ. ಅಧಿಕಾರಿಗಳ ಅನುಮಾನ ಪೂರ್ತಿ ಸುಳ್ಳು ಅನ್ನಲೂ ಬರುವುದಿಲ್ಲ, 2006ರ ಟೊರೊಂಟೋ ಸಮ್ಮೇಳನದ ನಂತರ ನೂರಕ್ಕೂ ಹೆಚ್ಚು ಜನ ಅಲ್ಲೇ ಆಶ್ರಯ ಕೇಳಿದ್ದರು. ಆದರೆ ಊರಲ್ಲಿ ಸೋಂಕಿತ ಎಂದು ಗೊತ್ತಾದರೆ ಬದುಕಲು ಬಿಡದ ಜಾಗದಿಂದ ಬಂದವನು ಇನ್ನೇನು ಮಾಡಬೇಕು?

ಇವತ್ತು ಬೆಂಗಳೂರಿನ ಹುಡುಗರು ಆನ್‌ಸೈಟ್‌ಗೆಂದು ಡಿಎಸ್-160 ಫಾರ್ಮ್ ತುಂಬುವಾಗ ಸಾಂಕ್ರಾಮಿಕ ರೋಗದ ಪ್ರಶ್ನೆ ಈಗಲೂ ಬರುತ್ತದೆ. ಕ್ಷಯ, ಸಿಫಿಲಿಸ್ ಲೆಕ್ಕಕ್ಕೆ ಬರುತ್ತವೆ, ಎಚ್‌ಐವಿ ಬರುವುದಿಲ್ಲ. ನಾವ್ಯಾರೂ ಅದನ್ನು ಓದುವುದೂ ಇಲ್ಲ, ‘ನೋ’ ‘ನೋ’ ‘ನೋ’ ಅಂತ ಒತ್ತಿ ಮುಂದಿನ ಪುಟಕ್ಕೆ ಹೋಗುತ್ತೇವೆ :) ಎಲ್ಲ ದೇಶಗಳೂ ಹೀಗೆ ಬದಲಾಗಿರಲಿಲ್ಲ. ಎಚ್‌ಐವಿ ಕಾರಣಕ್ಕೆ ಏನಾದರೊಂದು ಪ್ರಯಾಣ ನಿರ್ಬಂಧ ಇಟ್ಟುಕೊಂಡಿರುವ ದೇಶ, ಪ್ರದೇಶಗಳು 48 ಎಂದು 2019ರಲ್ಲಿ ಯುಎನ್‌ಏಡ್ಸ್ ಲೆಕ್ಕ ಕೊಟ್ಟಿತ್ತು.

2022ರ ಜುಲೈ ಕೊನೆಯಲ್ಲಿ ಇಪ್ಪತ್ತನಾಲ್ಕನೇ ಸಮ್ಮೇಳನ ಮತ್ತೆ ಮಾಂಟ್ರಿಯಲ್‌ಗೆ ಬಂತು. ಆಫ್ರಿಕಾ, ಏಷ್ಯಾ, ದಕ್ಷಿಣ ಅಮೆರಿಕಾದ ಎಷ್ಟೋ ಪ್ರತಿನಿಧಿಗಳ ವೀಸಾ ಅರ್ಜಿ ತಿರಸ್ಕಾರವಾಯಿತು, ಇನ್ನು ಕೆಲವರಿಗೆ ಉತ್ತರವೇ ಬರಲಿಲ್ಲ. ಭಾಷಣ ಮಾಡಬೇಕಿದ್ದವರೂ ಅವರಲ್ಲಿದ್ದರು. ಯುಎನ್‌ಏಡ್ಸ್‌ನ ಮುಖ್ಯಸ್ಥೆ, ಉಗಾಂಡಾದ ವಿನ್ನಿ ಬ್ಯಾನ್ಯಿಮಾ ಅವರನ್ನೇ ಜಿನೀವಾ ವಿಮಾನ ನಿಲ್ದಾಣದಲ್ಲಿ ತಡೆದು, ಕಾಗದಗಳನ್ನು ಮತ್ತೆ ಮತ್ತೆ ತಿರುವಿ ಹಾಕಿ, ಕೊನೆ ಗಳಿಗೆಯಲ್ಲಿ ವಿಮಾನ ಹತ್ತಿಸಿದರು. ಅವರೇ ಅದನ್ನು ಟ್ವಿಟರ್‌ನಲ್ಲಿ ಬರೆದುಕೊಂಡರು. ಉದ್ಘಾಟನೆಯ ದಿನ ಹೋರಾಟಗಾರರು ಘೋಷಣೆ ಕೂಗುತ್ತಾ ವೇದಿಕೆ ಹತ್ತಿದರು. ಅದೇ ಪಾಲೆ ದೆ ಕಾಂಗ್ರೆ ಸಭಾಂಗಣ, 33 ವರ್ಷದ ನಂತರ.