ಹೆಪ್ಟಾಥ್ಲಾನ್

ಹೆಪ್ಟಾಥ್ಲಾನ್ ಎಂಬುದು ಏಳು ಸ್ಪರ್ಧೆಗಳನ್ನು ಒಳಗೊಂಡ, ಎರಡು ದಿನ ನಡೆಯುವ ಮಹಿಳೆಯರ ಅಥ್ಲೆಟಿಕ್ಸ್ ಸ್ಪರ್ಧೆ. ಗ್ರೀಕ್ ಭಾಷೆಯಲ್ಲಿ ‘ಹೆಪ್ಟಾ’ ಎಂದರೆ ಏಳು, ‘ಆಥ್ಲಾನ್’ ಎಂದರೆ ಸ್ಪರ್ಧೆ. ಓಟ, ಜಿಗಿತ, ಎಸೆತ ಈ ಮೂರರಲ್ಲಿಯೂ ಆಟಗಾರ್ತಿಯ ಸಾಮರ್ಥ್ಯವನ್ನು ಅಳೆದು, ಪ್ರತಿ ಸ್ಪರ್ಧೆಯ ಸಾಧನೆಯನ್ನು ಅಂಕಗಳಾಗಿ ಪರಿವರ್ತಿಸಿ, ಒಟ್ಟು ಮೊತ್ತದ ಆಧಾರದ ಮೇಲೆ ವಿಜೇತೆಯನ್ನು ನಿರ್ಣಯಿಸಲಾಗುತ್ತದೆ. ಆದುದರಿಂದ ಏಳರಲ್ಲಿ ಒಂದರಲ್ಲಿಯೂ ಮೊದಲಿಗಳಾಗದೆ ಚಿನ್ನದ ಪದಕ ಗೆಲ್ಲುವುದು ಸಾಧ್ಯ. ಪುರುಷರಿಗೆ ಇದಕ್ಕೆ ಸಂವಾದಿಯಾದುದು ಹತ್ತು ಸ್ಪರ್ಧೆಗಳ ಡೆಕಾಥ್ಲಾನ್.

ಸ್ಪರ್ಧೆಗಳ ಕ್ರಮ

ಮೊದಲನೆಯ ದಿನ 100 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ ಮತ್ತು 200 ಮೀಟರ್ ಓಟ. ಎರಡನೆಯ ದಿನ ಉದ್ದ ಜಿಗಿತ, ಜಾವೆಲಿನ್ ಎಸೆತ ಮತ್ತು 800 ಮೀಟರ್ ಓಟ. ಈ ಕ್ರಮವನ್ನು ಬದಲಿಸುವಂತಿಲ್ಲ. ಹರ್ಡಲ್ಸ್‌ನಲ್ಲಿ 83.8 ಸೆಂಟಿಮೀಟರ್ ಎತ್ತರದ ಹತ್ತು ತಡೆಗಳಿರುತ್ತವೆ. ಗುಂಡಿನ ತೂಕ 4 ಕಿಲೋಗ್ರಾಂ, ಜಾವೆಲಿನ್ನಿನ ತೂಕ 600 ಗ್ರಾಂ.

ಉದ್ದ ಜಿಗಿತ ಮತ್ತು ಎರಡು ಎಸೆತಗಳಲ್ಲಿ ತಲಾ ಮೂರು ಅವಕಾಶಗಳು ಮಾತ್ರ. ಮೂರೂ ತಪ್ಪಿದರೆ ಆ ಸ್ಪರ್ಧೆಗೆ ಶೂನ್ಯ ಅಂಕ, ಆದರೂ ಮುಂದುವರಿಯಬಹುದು. ಯಾವುದಾದರೊಂದು ಸ್ಪರ್ಧೆಯನ್ನು ಆರಂಭಿಸದೆ ಬಿಟ್ಟವರು ಮಾತ್ರ ಹೆಪ್ಟಾಥ್ಲಾನಿನಿಂದಲೇ ಹೊರಗುಳಿದಂತೆ. ಸೋಲು ನಿಶ್ಚಿತವಾದ ಆಟಗಾರ್ತಿಯೂ ಕೊನೆಯ 800 ಮೀಟರ್ ಓಡಲು ಬಂದು ನಿಲ್ಲುವುದಕ್ಕೆ ಈ ನಿಯಮವೂ ಒಂದು ಕಾರಣ.

ಅಂಕಗಣನೆ

ಸೆಕೆಂಡು ಮತ್ತು ಮೀಟರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂಬುದು ಈ ಸ್ಪರ್ಧೆಯ ಮೂಲ ಸಮಸ್ಯೆ. ಇದಕ್ಕೆ ಬಳಸುವ ಸೂತ್ರಗಳನ್ನು ಆಸ್ಟ್ರಿಯಾದ ಕಾರ್ಲ್ ಉಲ್‌ಬ್ರಿಶ್ ರೂಪಿಸಿದರು. ಪ್ರತಿ ಸ್ಪರ್ಧೆಗೂ ಒಂದು ಶೂನ್ಯ ಮಟ್ಟವುಂಟು. ಎತ್ತರ ಜಿಗಿತಕ್ಕೆ ಅದು 75 ಸೆಂಟಿಮೀಟರ್, 800 ಮೀಟರ್ ಓಟಕ್ಕೆ 254 ಸೆಕೆಂಡು. ಆ ಮಟ್ಟಕ್ಕಿಂತ ಸಾಧನೆ ಎಷ್ಟು ಮೇಲಿದೆ ಎಂಬ ವ್ಯತ್ಯಾಸವನ್ನು ಒಂದು ನಿಗದಿತ ಘಾತಕ್ಕೇರಿಸಿ, ಸ್ಥಿರಾಂಕದಿಂದ ಗುಣಿಸಿದರೆ ಅಂಕ ದೊರೆಯುತ್ತದೆ. ಘಾತವು ಒಂದಕ್ಕಿಂತ ಹೆಚ್ಚಾಗಿರುವುದರಿಂದ, ಸಾಧನೆ ಏರಿದಂತೆಲ್ಲ ಅದೇ ಪ್ರಮಾಣದ ಸುಧಾರಣೆಗೆ ಹೆಚ್ಚು ಹೆಚ್ಚು ಅಂಕ ಸಿಗುತ್ತದೆ.

ಒಂದು ಸ್ಪರ್ಧೆಯಲ್ಲಿ 1000 ಅಂಕ ಗಳಿಸಲು ಹರ್ಡಲ್ಸ್‌ನಲ್ಲಿ 13.85 ಸೆಕೆಂಡು, 200 ಮೀಟರಿನಲ್ಲಿ 23.80 ಸೆಕೆಂಡು, 800 ಮೀಟರಿನಲ್ಲಿ ಸುಮಾರು 2 ನಿಮಿಷ 7.6 ಸೆಕೆಂಡು ಬೇಕು. ಗುಂಡನ್ನು 17.07 ಮೀಟರ್, ಜಾವೆಲಿನ್ನನ್ನು 57.18 ಮೀಟರ್ ಎಸೆಯಬೇಕು, 6.48 ಮೀಟರ್ ಉದ್ದ ಜಿಗಿಯಬೇಕು. ಎತ್ತರ ಜಿಗಿತದಲ್ಲಿ 1.82 ಮೀಟರ್ ದಾಟಿದರೆ 1003 ಅಂಕ.

ಈ ಕೋಷ್ಟಕವು ವೇಗದ ಓಟಗಾರ್ತಿಯರಿಗೆ ಅನುಕೂಲಕರವೆಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳೂ ಇದೆ. ಓಟಗಳು ಮೂರೇ ಆದರೂ, ಹರ್ಡಲ್ಸ್, 200 ಮೀಟರ್ ಮತ್ತು ಉದ್ದ ಜಿಗಿತ ಈ ಮೂರೂ ನೇರ ವೇಗವನ್ನೇ ಬೇಡುತ್ತವೆ. ವಿಶ್ವದಾಖಲೆಯ ವಿವರವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಾಕಿ ಜಾಯ್ನರ್-ಕರ್ಸಿ ಗಳಿಸಿದ 7291 ಅಂಕಗಳಲ್ಲಿ ಉದ್ದ ಜಿಗಿತದಿಂದ (7.27 ಮೀಟರ್) 1264, ಹರ್ಡಲ್ಸ್‌ನಿಂದ (12.69 ಸೆಕೆಂಡು) 1172, 200 ಮೀಟರಿನಿಂದ (22.56 ಸೆಕೆಂಡು) 1123 ಅಂಕಗಳು ಬಂದವು, ಜಾವೆಲಿನ್ನಿನಿಂದ ಬಂದದ್ದು 776 ಮಾತ್ರ. ಆದರೆ ವೇಗವೊಂದೇ ಸಾಲದು. ಕೊನೆಯ 800 ಮೀಟರ್ ಓಟವು ಬೇರೆಯೇ ಬಗೆಯ ದಮ್ಮನ್ನು ಕೇಳುತ್ತದೆ. ಅಲ್ಲಿ ಒಂದು ಸೆಕೆಂಡಿನ ಬೆಲೆ ಸುಮಾರು 14 ಅಂಕ.

ಇತಿಹಾಸ

ಮಹಿಳೆಯರಿಗಾಗಿ ಒಲಿಂಪಿಕ್ಸ್‌ನಲ್ಲಿ ಮೊದಲು ಇದ್ದುದು ಐದು ಸ್ಪರ್ಧೆಗಳ ಪೆಂಟಾಥ್ಲಾನ್. 1964ರ ಟೋಕಿಯೋದಿಂದ 1980ರ ಮಾಸ್ಕೋವರೆಗೆ ಅದು ನಡೆಯಿತು. ಜಾವೆಲಿನ್ ಅದರಲ್ಲಿರಲಿಲ್ಲ. ದೀರ್ಘ ಓಟವೂ ಬಹುಕಾಲ ಇರಲಿಲ್ಲ. 200 ಮೀಟರಿನ ಬದಲು 800 ಮೀಟರ್ ಸೇರಿದ್ದು ಕೊನೆಯ ವರ್ಷಗಳಲ್ಲಿ. ಎರಡೂ ಓಟಗಳನ್ನು ಉಳಿಸಿಕೊಂಡು ಜಾವೆಲಿನ್ನನ್ನು ಸೇರಿಸಿದಾಗ ಹೆಪ್ಟಾಥ್ಲಾನ್ ರೂಪುಗೊಂಡಿತು.

1984ರ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್‌ನ ಮೊದಲ ಹೆಪ್ಟಾಥ್ಲಾನ್ ನಡೆದಾಗ ಆಸ್ಟ್ರೇಲಿಯಾದ ಗ್ಲಿನಿಸ್ ನನ್ ಗೆದ್ದರು. ಎರಡನೆಯ ಸ್ಥಾನ ಪಡೆದ ಜಾಕಿ ಜಾಯ್ನರ್ ಅವರಿಗಿಂತ ನನ್ ಮುಂದಿದ್ದದ್ದು ಕೇವಲ 5 ಅಂಕಗಳಿಂದ. ಎರಡು ದಿನದ ಶ್ರಮದ ಬಳಿಕ, 800 ಮೀಟರಿನಲ್ಲಿ ಒಂದು ಸೆಕೆಂಡಿನ ಮೂರನೆಯ ಒಂದು ಭಾಗಕ್ಕೆ ಸಮನಾದ ಅಂತರವದು! 1986ರಲ್ಲಿ ಜಾಯ್ನರ್ ಮಾಸ್ಕೋದ ಗುಡ್‌ವಿಲ್ ಕ್ರೀಡಾಕೂಟದಲ್ಲಿ 7148 ಅಂಕ ಗಳಿಸಿ, 7000 ದಾಟಿದ ಮೊದಲಿಗರಾದರು. 1988 ಮತ್ತು 1992ರ ಒಲಿಂಪಿಕ್ ಚಿನ್ನ ಅವರದಾಯಿತು.

1996ರಲ್ಲಿ ಘಾದಾ ಶುಆ ಸಿರಿಯಾಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದರು. ಅನಂತರ ಬ್ರಿಟನ್ನಿನ ಡೆನಿಸ್ ಲೂಯಿಸ್, ಸ್ವೀಡನ್ನಿನ ಕರೋಲಿನಾ ಕ್ಲುಫ್ಟ್, ಉಕ್ರೇನಿನ ನತಾಲಿಯಾ ದೊಬ್ರಿನ್‌ಸ್ಕಾ ಕ್ರಮವಾಗಿ ಗೆದ್ದರು. 2012ರಲ್ಲಿ ಲಂಡನ್ನಿನ ತವರು ಪ್ರೇಕ್ಷಕರ ಮುಂದೆ ಜೆಸಿಕಾ ಎನಿಸ್ ಹರ್ಡಲ್ಸ್ ಅನ್ನು 12.54 ಸೆಕೆಂಡಿನಲ್ಲಿ ಮುಗಿಸಿದರು; ನಾಲ್ಕು ವರ್ಷ ಹಿಂದೆ ಬೀಜಿಂಗ್‌ನಲ್ಲಿ ಹರ್ಡಲ್ಸ್‌ನ ಚಿನ್ನ ಗೆದ್ದ ಓಟದ ಕಾಲವೂ ಅಷ್ಟೇ. ಬೆಲ್ಜಿಯಂನ ನಫಿಸಾಟು ಥಿಯಾಮ್ 2016ರಿಂದ 2024ರವರೆಗೆ ಸತತ ಮೂರು ಒಲಿಂಪಿಕ್ಸ್‌ಗಳಲ್ಲಿ ಗೆದ್ದಿದ್ದಾರೆ.

ಭಾರತ ಮತ್ತು ಕರ್ನಾಟಕ

ಭಾರತದ ಹೆಪ್ಟಾಥ್ಲಾನ್ ಇತಿಹಾಸದಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ಧಾರವಾಡ ಜಿಲ್ಲೆಯ ಪಶುಪತಿಹಾಳದಲ್ಲಿ ಜನಿಸಿದ ಜೆ.ಜೆ. ಶೋಭಾ 2002ರ ಬೂಸಾನ್ ಮತ್ತು 2006ರ ದೋಹಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಕಂಚಿನ ಪದಕ ಪಡೆದರು. ಎರಡೂ ಬಾರಿ ಬೆಳ್ಳಿ ಗೆದ್ದವರು ಬಂಗಾಳದ ಸೋಮಾ ಬಿಸ್ವಾಸ್. 2004ರಲ್ಲಿ ದೆಹಲಿಯಲ್ಲಿ ಶೋಭಾ ಗಳಿಸಿದ 6211 ಅಂಕಗಳ ರಾಷ್ಟ್ರೀಯ ದಾಖಲೆ ಇಪ್ಪತ್ತು ವರ್ಷ ಕಳೆದರೂ ಮುರಿಯದೆ ಉಳಿದಿತ್ತು.

ಆದರೆ ಜನ ಅವರನ್ನು ನೆನೆಯುವುದು ಪದಕಗಳಿಗಾಗಿ ಅಲ್ಲ, ಅದೇ ವರ್ಷದ ಅಥೆನ್ಸ್ ಒಲಿಂಪಿಕ್ಸ್‌ಗಾಗಿ. ಆರನೆಯ ಸ್ಪರ್ಧೆಯಾದ ಜಾವೆಲಿನ್ ಎಸೆತದಲ್ಲಿ ಅವರ ಕಾಲಿನ ಹರಡಿಗೆ ಪೆಟ್ಟಾಯಿತು. ಇನ್ನುಳಿದದ್ದು 800 ಮೀಟರ್ ಓಟ, ಎರಡು ಸುತ್ತು. ಆರಂಭಿಸದಿದ್ದರೆ ಹಿಂದಿನ ಆರು ಸ್ಪರ್ಧೆಗಳ ಅಂಕಗಳಿಗೆ ಅರ್ಥವಿರುತ್ತಿರಲಿಲ್ಲ. ಹರಡಿಗೆ ಪಟ್ಟಿ ಸುತ್ತಿಸಿಕೊಂಡು ಬಂದ ಶೋಭಾ ಓಟವನ್ನು ಪೂರ್ತಿಗೊಳಿಸಿ, 6172 ಅಂಕಗಳೊಂದಿಗೆ ಹನ್ನೊಂದನೆಯ ಸ್ಥಾನ ಪಡೆದರು. ಅವರಿಗೆ ಅರ್ಜುನ ಪ್ರಶಸ್ತಿ ದೊರೆತಿದೆ. ಕರ್ನಾಟಕದವರೇ ಆದ ಪ್ರಮೀಳಾ ಅಯ್ಯಪ್ಪ 2000 ಮತ್ತು 2008ರ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿ, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು.

ಈ ಕೂಟದ ಹೆಪ್ಟಾಥ್ಲಾನಿನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದವರು ಜಲಪಾಯಿಗುಡಿಯ ಸ್ವಪ್ನಾ ಬರ್ಮನ್. 2018ರ ಜಕಾರ್ತಾದಲ್ಲಿ ಹಲ್ಲುನೋವಿನಿಂದಾಗಿ ಕೆನ್ನೆಗೆ ಪಟ್ಟಿ ಅಂಟಿಸಿಕೊಂಡು ಸ್ಪರ್ಧಿಸಿದ ಅವರು 6026 ಅಂಕ ಗಳಿಸಿದರು. ಎರಡೂ ಪಾದಗಳಲ್ಲಿ ಆರಾರು ಬೆರಳುಗಳಿರುವ ಅವರಿಗೆ ಸಾಮಾನ್ಯ ಅಳತೆಯ ಪಾದರಕ್ಷೆ ಹೊಂದುತ್ತಿರಲಿಲ್ಲ. ಓಟ ಮತ್ತು ಜಿಗಿತಗಳೇ ಹೆಚ್ಚಿರುವ ಸ್ಪರ್ಧೆಯಲ್ಲಿ ಇದು ಸಣ್ಣ ತೊಡಕಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ತೆಲಂಗಾಣದ ನಂದಿನಿ ಅಗಸರ 5712 ಅಂಕಗಳೊಂದಿಗೆ ಕಂಚು ಪಡೆದರೆ, ಸ್ವಪ್ನಾ 4 ಅಂಕಗಳಿಂದ ಪದಕ ತಪ್ಪಿಸಿಕೊಂಡರು. ನಂದಿನಿ 2025ರ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದರು.